ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ಕ್ರೌನ್–ಪಿನಿಯನ್ ಬದಲಿಸಿದರೆ ಕಾರು ಎಷ್ಟು ಬದಲಾಗುತ್ತದೆ?

ಕಾಫಿ ಕುಯ್ಲು ಮುಗಿದು ಗದ್ದೆ ಒಣಗಿತೆಂದರೆ ಕೊಡಗಿನಿಂದ ಬರುವ ಪತ್ರಗಳ ವಿಷಯ ಬಹುತೇಕ ಒಂದೇ: ಪಿಕಪ್. ಈ ಸಲ ಐದು ಪತ್ರಗಳೂ ಫೈನಲ್ ಡ್ರೈವ್ (ಚಕ್ರಗಳಿಗೆ ಶಕ್ತಿ ದಾಟಿಸುವ ಕೊನೆಯ ಹಲ್ಲುಚಕ್ರಗಳ ಜೋಡಿ: ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್) ಬಗ್ಗೆಯೇ ಇರುವುದರಿಂದ ಅವನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಆಸ್ಟ್ರೇಲಿಯಾದಲ್ಲಿರುವ ನನ್ನ ಮಗನ ಹತ್ತಿರ 2013ರ ಟೊಯೋಟಾ 86 ಇದೆ, ಮ್ಯಾನುವಲ್ ಗೇರ್. ಫೈನಲ್ ಡ್ರೈವ್ 4.1 ತೆಗೆದು 4.556 ಹಾಕಿಸಿದರೆ ಕಾರು ಬೇರೆಯೇ ಆಗುತ್ತದೆ ಎನ್ನುತ್ತಾನೆ. ಎಂಜಿನ್ ಮುಟ್ಟದೆ ಅದು ಹೇಗೆ? ಖರ್ಚಿಗೆ ತಕ್ಕ ಲಾಭ ಉಂಟೇ?
– ಓದುಗರು, ಸಿದ್ದಾಪುರ

ಅಶ್ವಶಕ್ತಿ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಇರುವ ಶಕ್ತಿ ಯಾವ ವೇಗದಲ್ಲಿ ಚಕ್ರಕ್ಕೆ ಸಿಗಬೇಕು ಎಂಬುದಷ್ಟೇ ಬದಲಾಗುತ್ತದೆ. ಹಾಗೆಂದು ಮಗನ ಮಾತು ಸುಳ್ಳೂ ಅಲ್ಲ.

ಕ್ರೌನ್ ವೀಲಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಫೈನಲ್ ಡ್ರೈವ್ ಸಂಖ್ಯೆ. 41ಕ್ಕೆ 10 ಹಲ್ಲಾದರೆ 4.1, 41ಕ್ಕೆ 9 ಆದರೆ 4.556. ಸಂಖ್ಯೆ ದೊಡ್ಡದಾದಷ್ಟು ಪಿಕಪ್, ಚಿಕ್ಕದಾದಷ್ಟು ಓಟ. ಈ ಕಾರಿನ ಎಂಜಿನ್ ಹೆಚ್ಚೆಂದರೆ 205 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಎರಡನೇ ಗೇರಿನ ರೇಶಿಯೊ (ಟಾರ್ಕ್ ಎಷ್ಟು ಪಟ್ಟಾಗುತ್ತದೆ ಎಂಬ ಸಂಖ್ಯೆ) 2.188. ಘರ್ಷಣೆಯ ನಷ್ಟ ಬಿಟ್ಟು ಗುಣಿಸಿದರೆ 4.1ರಲ್ಲಿ ಚಕ್ರಗಳಿಗೆ 1,839 ನ್ಯೂಟನ್ ಮೀಟರ್, 4.556ರಲ್ಲಿ 2,044. ಶೇ 11ರಷ್ಟು ಹೆಚ್ಚು. ಸೀಟಿನಲ್ಲಿ ಕೂತವರಿಗೆ ಇದು ಖಂಡಿತ ಗೊತ್ತಾಗುತ್ತದೆ.

ಆದರೆ ಆ ಶೇ 11 ಸಿಗುವುದು ಹಳೆಯ, ಹೊಸ ಎರಡೂ ಕ್ರೌನ್–ಪಿನಿಯನ್ ಸೆಟ್ಟುಗಳು ಒಂದೇ ಗೇರಿನಲ್ಲಿರುವ ತನಕ ಮಾತ್ರ. 215/45 ಆರ್17 ಟೈರು ಭಾರ ಹೊತ್ತಾಗ ಒಂದು ಸುತ್ತಿಗೆ ಸುಮಾರು 1.93 ಮೀಟರ್ ಉರುಳುತ್ತದೆ ಎಂದಿಟ್ಟುಕೊಳ್ಳಿ. 7,400 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಳೆದರೆ 4.1ರಲ್ಲಿ ಮೊದಲ ಮೂರು ಗೇರುಗಳು ಗಂಟೆಗೆ ಸುಮಾರು 58, 96, 136 ಕಿ.ಮೀ. ವೇಗಕ್ಕೆ ಮುಗಿಯುತ್ತವೆ. 4.556ರಲ್ಲಿ 52, 86, 122ಕ್ಕೇ ಮುಗಿಯುತ್ತವೆ. ಈಗ 86ರಿಂದ 96ರ ನಡುವಿನ ಆ ಹತ್ತು ಕಿ.ಮೀ. ನೋಡಿ. ಹಳೆಯ ಸೆಟ್ಟಿನ ಕಾರು ಇನ್ನೂ ಎರಡನೇ ಗೇರಿನಲ್ಲಿ ಎಳೆಯುತ್ತಿರುತ್ತದೆ, ಹೊಸ ಸೆಟ್ಟಿನದು ಆಗಲೇ ಮೂರಕ್ಕೆ ಬಿದ್ದಿರುತ್ತದೆ. ಆ ವೇಗಗಳ ನಡುವೆ ಹೊಸ ಸೆಟ್ಟಿನ ಟಾರ್ಕ್ ಗುಣಕ ಶೇ 22ರಷ್ಟು ಕಡಿಮೆ! ಮಗ ಓಡಿಸುವ ಟ್ರ್ಯಾಕಿನಲ್ಲಿ ಹೆಚ್ಚಿನ ತಿರುವುಗಳಿಂದ ಹೊರಬರುವ ವೇಗ 60–80 ಆಗಿದ್ದರೆ ಲಾಭ, 85–95 ಆಗಿದ್ದರೆ ನಷ್ಟ. ಜೊತೆಗೆ ಪ್ರತಿ ಹೆಚ್ಚುವರಿ ಶಿಫ್ಟ್ ಒಂದಿಷ್ಟು ಸಮಯವನ್ನು ತಿನ್ನುತ್ತದೆ.

ಇನ್ನೊಂದು ವಿಷಯವನ್ನು ಸೆಟ್ ಮಾರುವವರು ಹೇಳುವುದಿಲ್ಲ. ಕಾರಿನ ಜೊತೆ ಫ್ಲೈವೀಲ್, ಕ್ರ್ಯಾಂಕ್, ಕ್ಲಚ್ಚುಗಳ ತಿರುಗುವಿಕೆಯನ್ನೂ ವೇಗಕ್ಕೇರಿಸಬೇಕಲ್ಲ, ಆ ಹೊರೆ ಒಟ್ಟು ಗೇರಿಂಗ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗೇರಿಂಗ್ ಶೇ 11 ಏರಿದರೆ ಈ ಹೊರೆ ಶೇ 23 ಏರುತ್ತದೆ. ಹಾಗಾಗಿ ಕೆಳಗಿನ ಗೇರುಗಳಲ್ಲಿ ವೇಗ ಏರುವ ಪ್ರಮಾಣ ಪೂರ್ತಿ ಶೇ 11ರಷ್ಟು ಸುಧಾರಿಸುವುದಿಲ್ಲ.

ಹೆದ್ದಾರಿಯಲ್ಲಿ ಆರನೇ ಗೇರಿನಲ್ಲಿ 100 ಕಿ.ಮೀ. ಹೋಗುವಾಗ 2,700ರ ಆಸುಪಾಸಿನಲ್ಲಿದ್ದ ಎಂಜಿನ್ 3,000ಕ್ಕೆ ಏರುತ್ತದೆ. ಸದ್ದೂ ಪೆಟ್ರೋಲೂ ಅದಕ್ಕೆ ತಕ್ಕಂತೆ.

ನಮ್ಮ ಸಲಹೆ: ದಿನವೂ ಓಡಿಸುವ ಕಾರಾದರೆ 4.3 ಸಾಕು. ಟೊಯೋಟಾ ತಾನೇ 2017ರ ಮ್ಯಾನುವಲ್ ಮಾದರಿಯಲ್ಲಿ 4.1 ಬಿಟ್ಟು 4.3ಕ್ಕೆ ಬಂತು. ಎರಡನೇ ಗೇರು ಆಗಲೂ 91ರವರೆಗೆ ಎಳೆಯುತ್ತದೆ. 4.556 ಹಾಕಲೇಬೇಕು ಎಂದಾದರೆ ಮೊದಲು ಒಂದು ದಿನದ ಟ್ರ್ಯಾಕ್ ಓಟದ ವೇಗವನ್ನೂ ಆರ್‌ಪಿಎಂ ಅನ್ನೂ ದಾಖಲಿಸಿ, ಪ್ರತಿ ತಿರುವಿನಿಂದ ಹೊರಬರುವಾಗ ಕಾರು ಯಾವ ಗೇರಿನಲ್ಲಿರುತ್ತದೆ ಎಂದು ಬರೆದುಕೊಳ್ಳಲಿ. ಟೈರಿನ ವ್ಯಾಸ ತಗ್ಗಿಸಿದರೂ ಇದೇ ಪರಿಣಾಮ: 205/50 ಆರ್16 ಹಾಕಿದರೆ ಸುತ್ತಳತೆ ಸುಮಾರು ಶೇ 2 ಇಳಿದು 4.1 ಸೆಟ್ಟು 4.19ರಂತೆ ವರ್ತಿಸುತ್ತದೆ. ರಿಮ್ಮಿನೊಳಗೆ ಬ್ರೇಕ್ ಕ್ಯಾಲಿಪರ್ ತಾಗದೆ ಕೂರುತ್ತದೆಯೇ ಎಂದು ಮೊದಲು ನೋಡಬೇಕು.

ಮಡಿಕೇರಿಯ ಎತ್ತರಕ್ಕೆ ಟರ್ಬೊ ಇಲ್ಲದ ಕಾರು ಸುಸ್ತಾಗುತ್ತದೆ. ಇದಕ್ಕೆ ಫೈನಲ್ ಡ್ರೈವ್ ಮದ್ದೇ? ಘಾಟಿ ಇಳಿಯುವಾಗ ಏನಾದರೂ ತೊಂದರೆಯೇ?
– ಓದುಗರು, ಮಡಿಕೇರಿ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಗಾಳಿ ಅಷ್ಟು ತೆಳುವಾದಾಗ ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಶೇ 10ರಷ್ಟು ದೊಡ್ಡ ಫೈನಲ್ ಡ್ರೈವ್ ಪ್ರತಿ ಗೇರಿನ ಎಳೆತವನ್ನು ಮರಳಿಸುತ್ತದೆ, ಹೋದ ಶಕ್ತಿಯನ್ನಲ್ಲ. ಏರಿನಲ್ಲಿ 40–60ರ ವೇಗದಲ್ಲಿ ಹಾಯೆನಿಸುತ್ತದೆ. ಎಂಜಿನ್ನನ್ನು ಕೊನೆಯವರೆಗೂ ಎಳೆದಾಗ ಹಳೆಯ ಸುಸ್ತೇ ಇರುತ್ತದೆ.

ಸಂಪಾಜೆ ಘಾಟಿಯಂಥ ಇಳಿತದಲ್ಲಿ ಎಂಜಿನ್ ಬ್ರೇಕಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಕಾರನ್ನು ತಡೆಯುವುದು) ಹೆಚ್ಚಾಗುವುದರಿಂದ ಬ್ರೇಕ್ ಕಡಿಮೆ ಕಾಯುತ್ತದೆ, ಅದು ಒಳ್ಳೆಯದೇ. ಆದರೆ ಹಿಂಬದಿ ಚಕ್ರ ಎಳೆಯುವ ಹಗುರ ಕಾರಿನಲ್ಲಿ, ಮಳೆಗಾಲದ ಪಾಚಿ ಹಿಡಿದ ಡಾಂಬರಿನ ಮೇಲೆ, ತಿರುವಿನ ನಡುವೆ ಆಕ್ಸಿಲರೇಟರ್ ಫಕ್ಕನೆ ಬಿಟ್ಟರೆ ಅದೇ ಎಂಜಿನ್ ಬ್ರೇಕಿಂಗ್ ಹಿಂದಿನ ಚಕ್ರಗಳನ್ನು ಜಾರಿಸುತ್ತದೆ. ಗೇರ್ ಇಳಿಸುವುದನ್ನು ತಿರುವಿಗೆ ಮೊದಲೇ ಮುಗಿಸಿ, ಇಳಿಸುವಾಗ ಆರ್‌ಪಿಎಂ ಸ್ವಲ್ಪ ಏರಿಸಿ ಕ್ಲಚ್ ಬಿಡಿ.

ಟರ್ಬೊ ಕಾರಿಗೆ ಈ ಬದಲಾವಣೆಯನ್ನು ನಾವು ಸಾಮಾನ್ಯವಾಗಿ ಬೇಡವೆನ್ನುತ್ತೇವೆ. ಕೆಳಗಿನ ಗೇರುಗಳಲ್ಲಿ ಈಗಾಗಲೇ ಟೈರು ತಡೆಯಲಾರದಷ್ಟು ಟಾರ್ಕ್ ಇರುತ್ತದೆ, ಗೇರು ಬೇಗ ಮುಗಿದುಹೋಗುವುದರಿಂದ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಪೂರ್ತಿ ಏರಲು ಸಮಯವೂ ಸಿಗುವುದಿಲ್ಲ.

ನಮ್ಮ ಗ್ಯಾರೇಜಿನಲ್ಲಿ ಹಿಂಬದಿ ಡ್ರೈವ್ ಕಾರಿಗೆ ಹೊಸ ಕ್ರೌನ್–ಪಿನಿಯನ್ ಕೂರಿಸಿದೆವು. 60 ಕಿ.ಮೀ. ದಾಟಿದರೆ ಊಂ ಎನ್ನುವ ಸದ್ದು. ಆಕ್ಸಿಲರೇಟರ್ ಬಿಟ್ಟರೆ ಸದ್ದಿನ ಸ್ವರ ಬದಲಾಗುತ್ತದೆ. ಎಲ್ಲಿ ತಪ್ಪಿರಬಹುದು?
– ಓದುಗರು, ವಿರಾಜಪೇಟೆ

ಕಾಲು ಇಟ್ಟಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಎಂದರೆ ಹಲ್ಲುಗಳು ಕೂಡುವ ಜಾಗ ಸರಿಯಿಲ್ಲ, ಇಲ್ಲವೇ ಪಿನಿಯನ್ ಬೇರಿಂಗ್ ಸಡಿಲವಿದೆ. ಕಾಲಿಗೆ ಸಂಬಂಧವಿಲ್ಲದೆ ವೇಗದೊಂದಿಗೇ ಏರುವ ಗೊರಗೊರ ಸದ್ದಾಗಿದ್ದರೆ ಚಕ್ರದ ಅಥವಾ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಬದಿಯ ಬೇರಿಂಗ್ ಅನುಮಾನಿಸಬೇಕಿತ್ತು. ನಿಮ್ಮದು ಮೊದಲ ಜಾತಿಯದು. ಬಿಚ್ಚಲೇಬೇಕು. ಹೀಗೇ ಓಡಿಸಿದರೆ ಹಲ್ಲಿನ ಮೇಲ್ಮೈ ತಪ್ಪು ಜಾಗದಲ್ಲಿ ಸವೆದು ಆಮೇಲೆ ಯಾವ ಶಿಮ್ಮೂ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಅದನ್ನು ಸರಿಮಾಡದು.

ಮೊದಲು ಎರಡರ ಮೇಲೂ ಕೆತ್ತಿದ ಜೋಡಿ ಸಂಖ್ಯೆ ಒಂದೇ ಇದೆಯೇ ನೋಡಿ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೊತೆಯಾಗಿ ಉಜ್ಜಿದ ಜೋಡಿ. ಒಂದು ಕಾರಿನ ಕ್ರೌನ್, ಇನ್ನೊಂದರ ಪಿನಿಯನ್ ಸೇರಿಸಿದರೆ ಸದ್ದು ಬಂದೇ ಬರುತ್ತದೆ.

ಅದು ಸರಿಯಿದ್ದರೆ ಗುರುತು ನೋಡುವುದು. ಕ್ರೌನಿನ ಮೂರು ಕಡೆ ಮೂರು ನಾಲ್ಕು ಹಲ್ಲುಗಳ ಎಣ್ಣೆ ಒರೆಸಿ, ಮಾರ್ಕಿಂಗ್ ಪೇಸ್ಟ್ ತೆಳ್ಳಗೆ ಬಳಿಯಿರಿ. ಕ್ರೌನನ್ನು ಚಿಂದಿ ಬಟ್ಟೆಯಿಂದ ತುಸು ತಡೆದು ಹಿಡಿದು ಪಿನಿಯನ್ನನ್ನು ಎರಡೂ ದಿಕ್ಕಿಗೆ ತಿರುಗಿಸಿ. ಪೇಸ್ಟ್ ಒರೆಸಿಹೋದ ಜಾಗ ಹಲ್ಲಿನ ನಡುವಿನಲ್ಲಿ, ಮೇಲಂಚನ್ನೂ ಬುಡವನ್ನೂ ಮುಟ್ಟದೆ ಇರಬೇಕು. ಬುಡದಲ್ಲಿ ಮೂಡಿದರೆ ಪಿನಿಯನ್ ಒಳಗೆ ಹೆಚ್ಚು ಹೋಗಿದೆ, ಹಿಂದೆ ಸರಿಸಬೇಕು. ಮೇಲಂಚಿನಲ್ಲಿ ಮೂಡಿದರೆ ಒಳಗೆ ತರಬೇಕು. ಇದು ಪಿನಿಯನ್ ಶಿಮ್ಮಿನ ಕೆಲಸ. ಗುರುತು ಹಲ್ಲಿನ ಒಳತುದಿಗೆ, ಅಂದರೆ ಕ್ರೌನಿನ ಮಧ್ಯದ ಕಡೆಗೆ ಸರಿದಿದ್ದರೆ ಕ್ರೌನನ್ನು ಪಿನಿಯನ್ನಿನಿಂದ ದೂರ ಮಾಡಿ. ಹೊರತುದಿಗೆ ಸರಿದಿದ್ದರೆ ಹತ್ತಿರ ತನ್ನಿ. ಹಳೆಯ ಶಿಮ್ಮನ್ನೇ ಹಾಕಿ ಮುಗಿಸಿದ್ದೀರಾದರೆ ತಪ್ಪು ಬಹುಶಃ ಅಲ್ಲೇ ಇದೆ. ಹೊಸ ಪಿನಿಯನ್ನಿಗೆ ಹಳೆಯ ದಪ್ಪ ಹೊಂದುವುದು ಅದೃಷ್ಟದ ಮಾತು.

ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅನ್ನು ಡಯಲ್ ಗೇಜಿನಲ್ಲೇ ಅಳೆಯಿರಿ, ಕೈಯಲ್ಲಿ ಅಲ್ಲಾಡಿಸಿ ಅಂದಾಜು ಮಾಡಬೇಡಿ. ಈ ಗಾತ್ರದ ಕಾರುಗಳಲ್ಲಿ ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಒಳಗೆ ಇರುತ್ತದೆ, ನಿಮ್ಮ ಕಾರಿನ ಕೈಪಿಡಿಯ ಸಂಖ್ಯೆಯೇ ಅಂತಿಮ. ಕ್ರೌನಿನ ನಾಲ್ಕು ಕಡೆ ಅಳೆಯಿರಿ. ಒಂದೊಂದು ಕಡೆ ಒಂದೊಂದು ಅಳತೆ ಬಂದರೆ ಕ್ರೌನ್ ಓರೆಯಾಗಿ ಕೂತಿದೆ. ಕೂರುವ ಮುಖದಲ್ಲಿ ಕಸ, ಲೋಹದ ಚೂರು ಇದ್ದರೂ ಹೀಗಾಗುತ್ತದೆ. ಕ್ರೌನನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಕುದಿಯುವ ನೀರಿನಲ್ಲಿ ಮುಳುಗಿಸಿ ಬಿಸಿಮಾಡಿ, ತೆಗೆದು ನೀರು ಒರೆಸಿ ಇಟ್ಟರೆ ತಾನಾಗಿ ಕೂರುತ್ತದೆ. ಗ್ಯಾಸ್ ಬೆಂಕಿ ಹಿಡಿದರೆ ಹಲ್ಲಿನ ಗಡಸುತನ ಹಾಳು. ಬೋಲ್ಟ್ ಹೊಸದು, ಥ್ರೆಡ್‌ಲಾಕ್ ಹಚ್ಚಿ, ಎದುರುಬದುರು ಕ್ರಮದಲ್ಲಿ ಬಿಗಿಯಬೇಕು.

ಹೆಚ್ಚು ಜನ ಕೆಡಿಸುವುದು ಪಿನಿಯನ್ ನಟ್ಟನ್ನು. ಎರಡು ಬೇರಿಂಗ್‌ಗಳ ನಡುವಿನ ಕ್ರಶ್ ಸ್ಲೀವ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ. ಇಂಪ್ಯಾಕ್ಟ್ ಗನ್ ಬೇಡ. ಉದ್ದ ಹಿಡಿಯ ಪಾನದಲ್ಲಿ ತುಸು ತುಸು ಬಿಗಿಯುತ್ತ, ಪ್ರತಿ ಸಲ ಪಿನಿಯನ್ ತಿರುಗಿಸಿ, ತಿರುಗಲು ಎಷ್ಟು ಬಲ ಬೇಕೆಂದು ಸಣ್ಣ ಟಾರ್ಕ್ ಮೀಟರಿನಲ್ಲಿ ನೋಡಿ. ಕ್ರೌನ್ ಕೂರಿಸುವ ಮೊದಲು, ಹೊಸ ಬೇರಿಂಗ್‌ಗೆ ಸಾಮಾನ್ಯವಾಗಿ 1ರಿಂದ 2 ನ್ಯೂಟನ್ ಮೀಟರ್, ಓಡಿದ ಬೇರಿಂಗ್‌ಗೆ ಅದರ ಅರ್ಧದಷ್ಟು. ದಾಟಿಹೋದರೆ ನಟ್ ಸಡಿಲಿಸಿ ಸರಿಮಾಡುವ ಹಾಗಿಲ್ಲ, ಹೊಸ ಸ್ಲೀವ್ ಹಾಕಿ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಎರಡು ಸ್ಲೀವ್ ತರಿಸಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ.

ಎಣ್ಣೆ ಜಿಎಲ್–5 ದರ್ಜೆಯ 75ಡಬ್ಲ್ಯು–90. ಫಿಲ್ಲರ್ ರಂಧ್ರದ ಕೆಳಗಂಚಿನಿಂದ ತೊಟ್ಟಿಕ್ಕುವ ತನಕ ತುಂಬಿಸಿ. ಕ್ಲಚ್ ಮಾದರಿಯ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆಂದೇ ಇರುವ ಎಣ್ಣೆ ಬೇಕು. ಮೊದಲ ಸಲ 15–20 ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ತಣ್ಣಗಾಗಲು ಬಿಡಿ, ಹೀಗೆ ಎರಡು ಮೂರು ಸಲ. 500 ಕಿ.ಮೀ.ವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತದಿರಿ, ಭಾರ ಎಳೆಸದಿರಿ. ಅದಾದ ಮೇಲೆ ಎಣ್ಣೆ ಬದಲಿಸಿ. ಡ್ರೇನ್ ಪ್ಲಗ್ಗಿನ ಅಯಸ್ಕಾಂತದಲ್ಲಿ ಬೂದಿಯಂಥ ನುಣುಪು ಪುಡಿ ಇದ್ದರೆ ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಲ್ಲ.

ಗದ್ದೆ ಆಟೋಕ್ರಾಸ್‌ಗೆ (ಒಣಗಿದ ಗದ್ದೆಯಲ್ಲಿ ನಡೆಯುವ ಕಾರು ಓಟ) ಮುಂಬದಿ ಡ್ರೈವ್ ಹ್ಯಾಚ್‌ಬ್ಯಾಕ್ ತಯಾರಿಸುತ್ತಿದ್ದೇನೆ. ಯಾವ ಫೈನಲ್ ಡ್ರೈವ್ ಹಾಕಲಿ? ಸ್ಪೀಡೋಮೀಟರ್ ಕೆಡುತ್ತದೆಯೇ?
– ಓದುಗರು, ಪೊನ್ನಂಪೇಟೆ

ಮೊದಲು ನಿಮ್ಮ ವರ್ಗದ ನಿಯಮ ಓದಿ, ಗೇರ್ ರೇಶಿಯೊ ಬದಲಿಸಲು ಅವಕಾಶವಿಲ್ಲದ ವರ್ಗವಾದರೆ ಹಾಕಿದ ದುಡ್ಡು ತಪಾಸಣೆಯಲ್ಲೇ ಮುಳುಗುತ್ತದೆ.

ಅವಕಾಶವಿದ್ದರೆ, ಇಡೀ ಸುತ್ತು ಎರಡನೇ ಗೇರಿನಲ್ಲೇ ಮುಗಿಯುವಂತೆ ಸಂಖ್ಯೆ ಹುಡುಕಿ. ಗದ್ದೆಯಲ್ಲಿ ಚಕ್ರ ಜಾರುತ್ತಲೇ ಓಡುವುದರಿಂದ ಜಿಪಿಎಸ್ ವೇಗವೊಂದನ್ನೇ ನಂಬದೆ, ಅತಿ ಉದ್ದದ ನೇರದ ಕೊನೆಯಲ್ಲಿ ಆರ್‌ಪಿಎಂ ಎಷ್ಟಿತ್ತು ಎಂದು ನೋಡಿ ಚಕ್ರದ ವೇಗ ತೆಗೆಯಿರಿ. ಅದು 85 ಬಂತೆನ್ನಿ. ಎರಡನೇ ಗೇರು 90ಕ್ಕೆ ಮುಗಿಯಲಿ. ಕಡೆಯ ಆರ್‌ಪಿಎಂ 6,500, ಟೈರು ಒಂದು ಸುತ್ತಿಗೆ 1.91 ಮೀಟರ್ ಆದರೆ, 6,500 × 60 × 1.91 ÷ 1,000 ಮಾಡಿ 90ರಿಂದ ಭಾಗಿಸಿ: 8.28. ಎರಡನೇ ಗೇರ್ 1.9 ಇದ್ದರೆ 8.28 ÷ 1.9, ಅಂದರೆ 4.36ರ ಹತ್ತಿರದ ಸೆಟ್ ನಿಮಗೆ ಬೇಕಾದದ್ದು.

ಆದರೆ ಓಪನ್ (ಲಿಮಿಟೆಡ್ ಸ್ಲಿಪ್ ಅಲ್ಲದ) ಡಿಫರೆನ್ಷಿಯಲ್ ಇಟ್ಟುಕೊಂಡು ಇದನ್ನು ಮಾಡಬೇಡಿ. ತಿರುವಿನಲ್ಲಿ ಒಳಚಕ್ರದ ಭಾರ ಇಳಿದಾಗ ಹೆಚ್ಚುವರಿ ಟಾರ್ಕ್ ಪೂರ್ತಿ ಮಣ್ಣು ಕೆದರುವುದಕ್ಕೇ ಹೋಗುತ್ತದೆ. ದುಡ್ಡು ಒಂದಕ್ಕೇ ಸಾಕಾಗುವುದಾದರೆ ಲಿಮಿಟೆಡ್ ಸ್ಲಿಪ್ ಮತ್ತು ಒಳ್ಳೆಯ ಟೈರು ಮೊದಲು. ಮುಂಬದಿ ಡ್ರೈವ್‌ನಲ್ಲಿ ಪಿನಿಯನ್ ಹಲ್ಲುಗಳು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನಲ್ಲೇ ಇರುವುದರಿಂದ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು. ಎರಡು ಕೆಲಸವೂ ಒಂದೇ ಬಿಚ್ಚಾಣದಲ್ಲಿ ಆದರೆ ಕೂಲಿ ಉಳಿಯುತ್ತದೆ. ಇಲ್ಲಿ ಸಾಮಾನ್ಯವಾಗಿ ಜಿಎಲ್–4 ಎಣ್ಣೆ. ಜಿಎಲ್–5 ಹಾಕಿದರೆ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಪೆಟ್ಟು.

ಸ್ಪೀಡೋಮೀಟರ್ ಸಂಕೇತ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಎಬಿಎಸ್ ಚಕ್ರ ಸೆನ್ಸರಿನಿಂದ ಅಥವಾ ಡಿಫರೆನ್ಷಿಯಲ್ಲಿನಿಂದ ಬಂದರೆ ಏನೂ ಕೆಡದು. ಹಳೆಯ ಹಿಂಬದಿ ಡ್ರೈವ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಬಾಲದಿಂದ ಕೇಬಲ್ ಹೊರಡುತ್ತದೆ. ಅಲ್ಲಿ ಶೇ 11 ದೊಡ್ಡ ಸೆಟ್ ಹಾಕಿದರೆ 60ರಲ್ಲಿ ಹೋಗುವಾಗ ಮುಳ್ಳು 67ರ ಹತ್ತಿರ ನಿಲ್ಲುತ್ತದೆ, ಕಿ.ಮೀ. ಲೆಕ್ಕವೂ ಹೆಚ್ಚು ಓಡುತ್ತದೆ. ಕೇಬಲ್ ಬುಡದ ಪ್ಲಾಸ್ಟಿಕ್ ಗೇರನ್ನು ಹಲ್ಲು ಹೆಚ್ಚಿರುವುದಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ತೋಟದ ಹಳೆಯ ಜೀಪಿಗೆ ಗುಜರಿಯಿಂದ ಹಿಂದಿನ ಆಕ್ಸಲ್ ತಂದು ಹಾಕಿದ ಮೇಲೆ ಫೋರ್ ವೀಲ್ ಹಾಕಿದರೆ ಜೀಪು ಬಿಗಿದು ನಿಲ್ಲುತ್ತದೆ, ಲಿವರ್ ಬಿಡಿಸಲೂ ಆಗುವುದಿಲ್ಲ.
– ಓದುಗರು, ನಾಪೋಕ್ಲು

ಹಿಂದಿನದು ಒಂದು ರೇಶಿಯೊ, ಮುಂದಿನದು ಇನ್ನೊಂದು. ವಿಲ್ಲಿಸ್ ವಂಶದ ಜೀಪುಗಳಲ್ಲಿ 43ಕ್ಕೆ 8 ಹಲ್ಲಿನ 5.38 ಇದೆ, 39ಕ್ಕೆ 8 ಹಲ್ಲಿನ 4.88 ಕೂಡ ಇದೆ. ಇವೆರಡನ್ನು ಬೆರೆಸಿದರೆ ಶೇ 10 ವ್ಯತ್ಯಾಸ. ಕೆಸರಿನಲ್ಲಿ ಚಕ್ರ ಜಾರಿ ಸರಿತೂಗಿಸಿಕೊಂಡೀತು, ಗಟ್ಟಿ ನೆಲದಲ್ಲಿ ಶಾಫ್ಟ್‌ಗಳು ತಿರುಚಿಕೊಂಡು, ಎರಡೂ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಎರಡರ ರೇಶಿಯೊ ಒಂದೇ ಎಂದು ಖಾತ್ರಿಪಡಿಸಿಕೊಳ್ಳುವವರೆಗೆ ಫೋರ್ ವೀಲ್ ಮುಟ್ಟಬೇಡಿ.

ಬಿಚ್ಚದೆಯೇ ತಿಳಿಯಬಹುದು. ಸಮತಟ್ಟು ಜಾಗದಲ್ಲಿ ಜೀಪು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕ್ ಮೇಲೆ ಎತ್ತಿ, ಇನ್ನೊಂದು ನೆಲದಲ್ಲೇ ಇರಲಿ. ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೂ ಟೈರಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಬ್ಬರು ಪಕ್ಕದಲ್ಲಿ ಕೂತು ಶಾಫ್ಟಿನ ಸುತ್ತು ಎಣಿಸಲಿ. ಐದು ಸುತ್ತು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬಂದರೆ 5.38. ಐದಕ್ಕೆ ಸ್ವಲ್ಪ ಮೊದಲೇ ನಿಂತರೆ 4.88. ಮುಂದಿನ ಆಕ್ಸಲ್ಲಿಗೂ ಇದೇ ಪರೀಕ್ಷೆ, ಆಗ ಕಲ್ಲು ಹಿಂದಿನ ಚಕ್ರಗಳಿಗೆ.