ಮನೆ ಮನೆ ತಿರುಗಿದ ಹುಡುಗಿಯ ಪಾಲು

ಪತ್ರ: ಒಂಬತ್ತನೇ ತರಗತಿಯ ನನ್ನ ಮಗಳು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಊರಿನ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಯೋಜನೆ ಮಾಡಿದಳು. ವರದಿ ಬರೆದವಳು, ಚಾರ್ಟ್ ಬಿಡಿಸಿದವಳು, ತೀರ್ಪುಗಾರರ ಮುಂದೆ ಮಾತಾಡಿದವಳು ಅವಳೇ. ಜೊತೆಗಾತಿ ಬರೀ ಮನೆ ಮನೆ ತಿರುಗಿ ಜನರ ಹಲ್ಲು ನೋಡಿ ಬಂದಳು. ಪ್ರಮಾಣಪತ್ರ ಮಾತ್ರ ಇಬ್ಬರಿಗೂ ಒಂದೇ. ಒಲಿಂಪಿಯಾಡ್‌ನಂತೆ ಒಬ್ಬೊಬ್ಬರನ್ನೇ ಪರೀಕ್ಷಿಸಿದರೆ ನಿಜವಾದ ಪ್ರತಿಭೆ ಗೊತ್ತಾಗುವುದಿಲ್ಲವೇ?
– ಒಬ್ಬ ತಂದೆ, ಪಾವಗಡ ತಾಲ್ಲೂಕು

ಉತ್ತರ: ತಂಡದ ಹೆಸರಿನಲ್ಲಿ ಕೈಕಟ್ಟಿ ಕೂತು ಪ್ರಮಾಣಪತ್ರ ಪಡೆಯುವ ಮಕ್ಕಳು ಇದ್ದಾರೆ, ಒಪ್ಪುತ್ತೇನೆ. ನಿಮ್ಮ ಮಗಳ ಜೊತೆಗಾತಿ ಅಂಥವಳಲ್ಲ. ನೀವೇ ಪತ್ರದ ಜೊತೆ ಕಳಿಸಿದ ವರದಿಯ ಜೆರಾಕ್ಸ್ ಅದಕ್ಕೆ ಸಾಕ್ಷಿ.

ಕೊನೆಯಲ್ಲಿ ಪಿನ್ ಮಾಡಿದ ಸಮೀಕ್ಷೆಯ ಹಾಳೆಗಳನ್ನು ಓದಿದಿರಾ ಸ್ವಾಮಿ? ಅಲ್ಲಿನ ಕೈಬರಹ ಬೇರೆ. ಮನೆ, ವಯಸ್ಸು, ಯಾವ ಬೋರಿನ ನೀರು, ಹಲ್ಲಿನಲ್ಲಿ ಕಂದು ಕಲೆ ಇದೆಯೋ ಇಲ್ಲವೋ ಎಂದು ಗೀಟು ಎಳೆದು ತುಂಬಿಸಿದ್ದಾಳೆ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಲ್ಲಲ್ಲಿ ಒಂದು ಟಿಪ್ಪಣಿ: ‘ಸೊಸೆ. ತವರು ಬೇರೆ ಊರು. ಹಲ್ಲು ಬಿಳಿ.’ ಒಂದೇ ಮನೆ, ಒಂದೇ ಬೋರಿನ ನೀರು. ಅತ್ತೆಯ ಹಲ್ಲು ಕಂದು, ಸೊಸೆಯದು ಬಿಳಿ! ಫ್ಲೋರೈಡ್ ಹಲ್ಲಿಗೆ ಕಲೆ ಹಿಡಿಸುವುದು ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ. ದೊಡ್ಡವರಾದ ಮೇಲೆ ಅದೇ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೆ ತೊಂದರೆಯಾದೀತು, ಹಲ್ಲಿಗೆ ಹೊಸದಾಗಿ ಕಲೆ ಬೀಳದು. ಆ ಹುಡುಗಿಗೆ ಈ ಕಾರಣ ಗೊತ್ತಿತ್ತೋ ಇಲ್ಲವೋ, ಕಂಡದ್ದನ್ನು ಮಾತ್ರ ಬಿಡದೆ ಬರೆದುಕೊಂಡಿದ್ದಾಳೆ. ಹೊಸ ಸೊಸೆಯೊಬ್ಬಳು ಬಾಯಿ ತೆರೆದು ಹಲ್ಲು ತೋರಿಸಿ, ತವರಿನ ನೀರಿನ ವಿಚಾರ ಹೇಳಬೇಕಾದರೆ ಕೇಳುವವರ ಮೇಲೆ ಎಷ್ಟು ವಿಶ್ವಾಸ ಬೇಕು, ಯೋಚಿಸಿ. ನಿಮ್ಮ ಮಗಳು ಕುಡಿಯುವ ನೀರಿನ ಫ್ಲೋರೈಡ್‌ಗೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಸರಿಯಾಗಿಯೇ ಬರೆದಿದ್ದಾಳೆ, ಭಾಷೆಯೂ ಸೊಗಸಾಗಿದೆ. ಆದರೆ ಆ ಸೊಸೆಯಂದಿರ ಸುದ್ದಿ ವರದಿಯಲ್ಲಿ ಎಲ್ಲೂ ಇಲ್ಲ. ಮಗುವನ್ನು ದೂರುತ್ತಿಲ್ಲ. ಬರೆಯುವುದು ದೊಡ್ಡ ಕೆಲಸ, ತಿರುಗುವುದು ಚಿಲ್ಲರೆ ಕೆಲಸ ಎಂದು ಮಕ್ಕಳಿಗೆ ಕಲಿಸಿದವರು ನಾವು, ದೊಡ್ಡವರು.

1993ರಲ್ಲಿ ಈ ಸಮಾವೇಶ ದೇಶದ ಮಟ್ಟದಲ್ಲಿ ಶುರುವಾದದ್ದೇ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡಲಿ, ತಮ್ಮ ಮಾತಿನಲ್ಲೇ ಹೇಳಲಿ ಎಂದು. ಇನ್ನು ನೀವು ಹೆಸರಿಸಿದ ಒಲಿಂಪಿಯಾಡ್. 2004ರಿಂದ ನಡೆಯುತ್ತಿರುವ ಅಂತಾರಾಷ್ಟ್ರೀಯ ಕಿರಿಯರ ವಿಜ್ಞಾನ ಒಲಿಂಪಿಯಾಡ್‌ನಲ್ಲಿ ಪ್ರಯೋಗ ಪರೀಕ್ಷೆಗೆ ಮೂವರು ಮಕ್ಕಳು ಒಟ್ಟಿಗೇ ನಿಲ್ಲುತ್ತಾರೆ. ನಮ್ಮ ವಿಜ್ಞಾನಿ ಸಿ.ವಿ. ರಾಮನ್ ಅವರನ್ನೇ ನೋಡಿ. 1930ರ ನೊಬೆಲ್ ಅವರೊಬ್ಬರಿಗೇ ಬಂತು, ನಿಜ. 1928ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ನೊಬೆಲ್‌ಗೆ ಕಾರಣವಾದ ಹೊಸ ಬಗೆಯ ಬೆಳಕನ್ನು ಮೊದಲು ತಿಳಿಸಿದ ಟಿಪ್ಪಣಿಯಲ್ಲಿ ಅವರ ಜೊತೆ ಕೆಲಸ ಮಾಡಿದ ಕೆ.ಎಸ್. ಕೃಷ್ಣನ್ ಹೆಸರೂ ಇದೆ. ಶಾಲೆಯ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು?

ನನ್ನ ಸಂಕಟ ಇಲ್ಲೇ ಇರುವುದು. ಪ್ರಯೋಗಾಲಯಕ್ಕೆ ಬೀಗ ಹಾಕಿ ರೆಕಾರ್ಡ್ ಪುಸ್ತಕ ನಕಲು ಮಾಡಿಸುತ್ತೇವೆ. ಅಂಗಡಿಯಿಂದ ತಂದ ಥರ್ಮಾಕೋಲ್ ಮಾದರಿಗೆ ಚಪ್ಪಾಳೆ ತಟ್ಟುತ್ತೇವೆ. ರ‍್ಯಾಂಕ್ ಬಂದ ಒಂದು ಮುಖವನ್ನು ಊರತುಂಬ ಫ್ಲೆಕ್ಸ್‌ನಲ್ಲಿ ಕಟ್ಟುತ್ತೇವೆ. ನಾನು ತೀರ್ಪುಗಾರನಾಗಿ ಕೂತಿದ್ದ ಒಂದು ಸ್ಪರ್ಧೆಯಲ್ಲಿ, ಹೊರಗೆ ತಿರುಗಿ ಕಂಡದ್ದನ್ನು ಬರೆದುಕೊಂಡ, ಮಣ್ಣು ಮೆತ್ತಿದ ಟಿಪ್ಪಣಿ ಪುಸ್ತಕ ತಂದ ತಂಡಕ್ಕೆ ‘ನೀಟಾಗಿಲ್ಲ’ ಎಂದು ಅಂಕ ಕಳೆದರು. ವಾದಿಸಿದೆ, ಕೇಳುವವರಿರಲಿಲ್ಲ. ಆ ಮಣ್ಣಿಗೇ ಅಂಕ ಕೊಡಬೇಕಿತ್ತು ಎಂದು ಇವತ್ತಿಗೂ ನಂಬಿದ್ದೇನೆ.

ನಿಮ್ಮ ಮಗಳಿಗೆ ಒಳ್ಳೆಯ ಕೈ ಇದೆ. ಗೆಳತಿಯನ್ನು ಕೂರಿಸಿಕೊಂಡು, ಪೆನ್ಸಿಲಿನ ಆ ಟಿಪ್ಪಣಿಗಳನ್ನು ವರದಿಯೊಳಗೆ ಸೇರಿಸಿ ಇನ್ನೊಮ್ಮೆ ಬರೆಯಲಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ, ಒಂದನ್ನು ನಮಗೆ ಕಳಿಸಿ. ಕೋಷ್ಟಕದ ಸಮೇತ, ಇಬ್ಬರ ಹೆಸರಿನಲ್ಲೂ ಪ್ರಕಟಿಸುತ್ತೇವೆ.

– ಸಂಪಾದಕ