ಗೂಟವಿಲ್ಲದೆ ನಿಲ್ಲುವ ಗುಡಾರ

ಪ್ರಶ್ನೆ: ಮಂಗೋಲಿಯಾದ ದನಗಾಹಿಗಳ ‘ಗೆರ್’ ಗುಡಾರಕ್ಕೆ ಗೂಟ ಹೊಡೆಯುವುದಿಲ್ಲವಂತೆ. ಬಿರುಗಾಳಿಗೆ ಹಾರಿಹೋಗುವುದಿಲ್ಲವೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ದುಂಡಗಿರುವುದರಿಂದ ಗಾಳಿ ಪಕ್ಕಕ್ಕೆ ಸರಿದುಹೋಗುತ್ತದೆ. ಮಡಚುವ ಮರದ ಜಾಲರಿಗಳನ್ನು ಬಾಗಿಲ ಚೌಕಟ್ಟಿಗೆ ಕಟ್ಟಿದರೆ ಗೋಡೆ ಸಿದ್ಧ. ನಡುವೆ ಎರಡು ಕಂಬ, ಮೇಲೆ ‘ತೂನೊ’ ಎಂಬ ಚಕ್ರ. ಚಕ್ರದಿಂದ ಇಳಿಯುವ ಗಳುಗಳು ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಜಾಲರಿಯ ಸುತ್ತ ಬಿಗಿದ ಕುದುರೆ ಕೂದಲಿನ ಹಗ್ಗ ಅದನ್ನು ಹಿಡಿದಿಡುತ್ತದೆ. ಇಡೀ ಗುಡಾರದ ಜೀವ ಈ ಹಗ್ಗದಲ್ಲಿದೆ! ಸಡಿಲಾದರೆ ಗೋಡೆ ಹೊರಚಾಚಿ ಚಾವಣಿ ಕುಸಿಯುತ್ತದೆ. ಆದ್ದರಿಂದ ಒತ್ತಿ ಮಾಡಿದ ಕುರಿಯುಣ್ಣೆಯ ದಪ್ಪ ಹೊದಿಕೆ ಹಾಸುವ ಮುಂಚೆಯೇ ಬಿಗಿ ನೋಡಬೇಕು. ಗಾಳಿ ಜೋರಾದಾಗ ತೂನೊದಿಂದ ಇಳಿಬಿಟ್ಟ ಹಗ್ಗಕ್ಕೆ ಭಾರದ ಕಲ್ಲು ಕಟ್ಟುತ್ತಾರೆ. ಬಾಗಿಲು ಸಾಮಾನ್ಯವಾಗಿ ದಕ್ಷಿಣಕ್ಕೆ; ಚಳಿಗಾಳಿ ಬೀಸುವುದು ವಾಯವ್ಯದಿಂದ.