ಡಿಸೆಂಬರ್ ಬಿಡಿ, ದೀಪಾವಳಿಗೆ ಹೋಗಿ

ನೀವು ಸಾಗರದಿಂದ ಜರ್ಮನಿಯ ಮ್ಯೂನಿಕ್‌ಗೆ ಬಂದು ತಿಂಗಳಾಗಿಲ್ಲ. ಇಲ್ಲಿ ಬದುಕು ಹೇಗೆ, ವಯಸ್ಸಾದ ಅಪ್ಪನನ್ನು ಊರಲ್ಲಿ ಬಿಟ್ಟು ಇಲ್ಲೇ ನಿಲ್ಲಬಹುದಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಮಾಡಿಸಿ, ಮನೆ ಮಾಲೀಕರ ಸಹಿ ಇರುವ ಪತ್ರ ಬೇಕಾಗುತ್ತೆ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಹಾಲು ಮೊಸರು ಶನಿವಾರವೇ ತಂದಿಡಿ. ಉಳಿದದ್ದು ತಾನಾಗಿ ರೂಢಿಯಾಗುತ್ತೆ.

ಎರಡನೆಯದಕ್ಕೆ ನಮ್ಮಪ್ಪನ ವಿಷಯ ಹೇಳಬೇಕು. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ತಲೆ ಬೆಳ್ಳಗಾದರೂ ಹುಡುಗಾಟ ಬಿಟ್ಟವರಲ್ಲ. ದೀಪಾವಳಿಯ ಬೂರೆ ಕಳ್ಳತನ ನಿಮಗೂ ಗೊತ್ತಲ್ಲ, ಆ ಒಂದು ರಾತ್ರಿ ಪಕ್ಕದ ಮನೆಯ ಸೌತೆಕಾಯಿ, ಎಳನೀರು ಕದ್ದರೂ ಯಾರೂ ಬೈಯೋ ಹಾಗಿಲ್ಲ. ಅಪ್ಪನದು ಉಲ್ಟಾ ಕಳ್ಳತನ. ನಮ್ಮ ಹಿತ್ತಲಿನ ದೊಡ್ಡ ಚೀನಿಕಾಯಿಯನ್ನೇ (ಸಿಹಿಗುಂಬಳ) ಹೊತ್ತುಕೊಂಡು ಹೋಗಿ ಪಕ್ಕದ ಮನೆಯವರ ಕೊಟ್ಟಿಗೆಯ ಹುಲ್ಲಿನೊಳಗೆ ಹುಗಿಸಿಟ್ಟು, ಬೆಳಿಗ್ಗೆ ಮುಖ ಸಪ್ಪೆ ಮಾಡಿಕೊಂಡು ಅವರ ಜಗಲಿಗೇ ದೂರು ಹೇಳೋಕೆ ಹೋಗೋರು. ಕಾಫಿ ಕುಡಿದು ಲೋಟ ಕೆಳಗಿಟ್ಟು, “ನಿಮ್ಮ ಮೇಲೆ ಸಂಶಯ ಅಂತಲ್ಲ, ಸುಮ್ಮನೆ ಕೊಟ್ಟಿಗೆ ಒಂದ್ಸಲ ನೋಡ್ಲಾ?” ಅನ್ನೋರು. ಆ ಮನೆಯ ಅಜ್ಜ “ಎಂತ ಮಾರಾಯ, ನಿನ್ನ ಕಾಯಿ ನಾನು ಕದೀತೀನಾ” ಅಂತ ಸಿಟ್ಟಲ್ಲಿ ಹುಲ್ಲು ಎಳೆದರೆ ಚೀನಿಕಾಯಿ ಉರುಳಿಕೊಂಡು ಕಾಲಬುಡಕ್ಕೇ ಬರೋದು! ಮಧ್ಯಾಹ್ನ ಎರಡೂ ಮನೆಯಲ್ಲಿ ಅದೇ ಕಾಯಿಯ ಕಡುಬು.

ಇದೆಲ್ಲ ಫೋನಲ್ಲಿ ಸಿಗೋದಿಲ್ಲ. ವಿಡಿಯೊ ಕಾಲ್‌ನಲ್ಲಿ ಅಪ್ಪ ಅಂದರೆ ಅರ್ಧ ಹಣೆ, ಮೇಲೊಂದು ಫ್ಯಾನು, “ಊಟ ಆಯ್ತಾ, ಚಳಿ ಜೋರಾ?” ಅಷ್ಟೇ. ಹುಡುಗಾಟಕ್ಕೆ ಎದುರಿಗೊಬ್ಬ ಬಲಿಪಶು ಬೇಕಲ್ಲ.

ಅಪ್ಪ ಹೋಗಿದ್ದು ಮಳೆಗಾಲದಲ್ಲಿ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸೋ ಹೊತ್ತಿಗೆ. ಬೆಂಗಳೂರಿಗೆ ನೇರ ವಿಮಾನ ಸಿಕ್ಕರೂ ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್, ಆಮೇಲೆ ತೀರ್ಥಹಳ್ಳಿಗೆ ಮತ್ತೆ 60. ನಾನು ಮುಟ್ಟುವಾಗ ಎಲ್ಲ ಮುಗಿದಿತ್ತು. ತುಂಗೆಯಲ್ಲಿ ಅಸ್ಥಿ ಬಿಡೋಕೆ ಮಾತ್ರ ಸಿಕ್ಕೆ.

ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಅದೇ ಅಜ್ಜ ಚೀನಿಕಾಯಿ ಕಥೆ ತೆಗೆದರು. ಭಟ್ಟರೂ ನಕ್ಕರು, ಅಮ್ಮನೂ ನಕ್ಕಳು. ಆಮೇಲೆ ಒಬ್ಬೊಬ್ಬರೂ ಒಂದೊಂದು ಶುರು ಮಾಡಿದರು. ನಾನು ಕಳಿಸಿದ್ದ ಜರ್ಮನಿ ಜಾಕೆಟ್ಟನ್ನು ಗದ್ದೆಯ ಬೆದರುಬೊಂಬೆಗೆ ತೊಡಿಸಿ, ದಾರೀಲಿ ಹೋಗೋರಿಗೆಲ್ಲ “ಅಳಿಯ ಬಂದಿದ್ದಾನೆ, ಮಾತು ಸ್ವಲ್ಪ ಕಮ್ಮಿ” ಅಂತ ಪರಿಚಯ ಮಾಡಿಸ್ತಿದ್ದರಂತೆ. ನನ್ನ ಗಂಡ ನಿಜಕ್ಕೂ ಮಾತು ಕಮ್ಮಿ. ಇಡೀ ಊರಿಗೇ ಗೊತ್ತಿದ್ದ ಕಥೆ, ಮಗಳಿಗೆ ಗೊತ್ತಿರಲಿಲ್ಲ. ಸಾವಿಗೆ ತಡವಾಗಿ ಮುಟ್ಟಿದ್ದಕ್ಕಿಂತ ಇದೇ ನನಗೆ ಹೆಚ್ಚು ಸಂಕಟವಾಗಿದ್ದು.

ಹಾಗಾಗಿ ನಿಲ್ಲಬಹುದು, ಧಾರಾಳವಾಗಿ ನಿಲ್ಲಿ. ರಜೆ ಮಾತ್ರ ನೋಡಿಕೊಂಡು ಹಾಕಿ. ವಾರಕ್ಕೆ 5 ದಿನ ಕೆಲಸವಾದರೆ ಇಲ್ಲಿನ ಕಾನೂನಿನಲ್ಲಿ ವರ್ಷಕ್ಕೆ ಕನಿಷ್ಠ 20 ದಿನ ರಜೆ, ಎಷ್ಟೋ ಕಂಪನಿಗಳು ಅದಕ್ಕಿಂತ ಜಾಸ್ತಿ ಕೊಡ್ತಾರೆ. ನಮ್ಮವರು ಅದನ್ನೆಲ್ಲ ಡಿಸೆಂಬರ್‌ಗೆ ಕೂಡಿಟ್ಟು, ದುಬಾರಿ ಟಿಕೆಟ್ ತಗೊಂಡು, ಯಾರದೋ ಮದುವೆ, ಬ್ಯಾಂಕು, ಹಲ್ಲಿನ ಡಾಕ್ಟರು ಅಂತ ಕಳೆದುಬಿಡ್ತಾರೆ. ನೀವು ದೀಪಾವಳಿಗೆ ಹೋಗಿ. ಮ್ಯಾನೇಜರ್ ಕಾರಣ ಕೇಳಿದರೆ ಫ್ಯಾಮಿಲಿ ಫಂಕ್ಷನ್ ಅನ್ನಿ, ಅಪ್ಪನ ಜೊತೆ ಸೌತೆಕಾಯಿ ಕದಿಯೋಕೆ ಅಂತ ವಿವರಿಸೋಕೆ ಹೋಗಬೇಡಿ.